ಹದಿಮೂರು ಅಕ್ಷರಗಳ ಹೊಗಳಿಕೆ

ನಮ್ಮ ನಡುಮನೆಯಲ್ಲಿ, ಬಾಲ್ಕನಿಯ ಬಾಗಿಲಿನ ಪಕ್ಕ, ಒಂದು ಬೆತ್ತದ ಆರಾಮ ಕುರ್ಚಿ ಇದೆ. ಅಮ್ಮನಿಗೆಂದೇ ತಂದದ್ದು. ತಂದು ಎರಡು ವರ್ಷವಾಯಿತು ಎಂದು ಬರೆಯಹೊರಟವನು ಕೈ ತಡೆದು ಹೆಂಡತಿ ಸುಧಾಳನ್ನು ಕೇಳಿದೆ, ಮೂರೂವರೆ ಎಂದಳು. ನನ್ನ ನೆನಪಿನ ಯೋಗ್ಯತೆ ಇಷ್ಟು ಎಂಬುದು ನಿಮಗೆ ಮೊದಲೇ ಗೊತ್ತಿದ್ದರೆ ಮುಂದೆ ಅನುಕೂಲ. ಆ ಮೂರೂವರೆ ವರ್ಷದಲ್ಲಿ ಅಮ್ಮ ಅದರ ಮೇಲೆ ಒಮ್ಮೆಯೂ ಕೂತಿಲ್ಲ. ಕೂತಿರುವುದು ಬಟ್ಟೆ. ತಂತಿಯಿಂದ ಎಳೆದು ತಂದ ಟವೆಲ್ಲು, ಲುಂಗಿ, ದಿಂಬಿನ ಕವರುಗಳೆಲ್ಲ ಒಂದರ ಮೇಲೊಂದು ಒರಗಿಕೊಂಡು, ಮಧ್ಯಾಹ್ನದ ಬಿಸಿಲು ಕಾಯಿಸುತ್ತ, ಮನೆಯಲ್ಲಿ ಮನುಷ್ಯರಿಗೆ ಸಿಗದ ವಿಶ್ರಾಂತಿಯನ್ನು ಅನುಭವಿಸುತ್ತಿರುತ್ತವೆ. ಸಂಜೆ ಐದಕ್ಕೆ ಅಮ್ಮ ಬಂದು, ನಿಂತೇ ಅವನ್ನು ಮಡಿಸುತ್ತಾಳೆ. ಎಂಬತ್ತನಾಲ್ಕು ವರ್ಷದ ಹೆಂಗಸು ಕುರ್ಚಿಯ ಮುಂದೆ ನಿಂತು ಬಟ್ಟೆ ಮಡಿಸುವುದನ್ನು ಅರವತ್ತಮೂರರ ನಾನು ಸೋಫಾದಲ್ಲಿ ಕೂತು ನೋಡುತ್ತೇನೆ. ನೋಡುವುದೇ ಆಯಾಸ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಕೆಟ್ಟು ಎತ್ತಲು ಹೋಗಿ ಬಚ್ಚಲ ಬಾಗಿಲಿಗೆ ಆತು ಕುಸಿದಳು. ಡಾಕ್ಟರು ಹೃದಯದ ಬಡಿತದ ಲೆಕ್ಕ ನೋಡಿ, ಇನ್ನು ಮೇಲೆ ಮಧ್ಯಾಹ್ನ ಎರಡು ಗಂಟೆ ಕಡ್ಡಾಯವಾಗಿ ಮಲಗಬೇಕು, ಭಾರ ಎತ್ತಕೂಡದು, ನಿಂತು ಅಡುಗೆ ಮಾಡಕೂಡದು ಎಂದರು. ಇದೇ ರೀತಿ ಮುಂದುವರಿದರೆ ಮುಂದಿನ ಸಲ ಕುಸಿದವರು ಏಳದೆ ಇರಬಹುದು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಮನೆಗೆ ಬಂದ ಅಮ್ಮ ಚಪ್ಪಲಿ ಬಿಟ್ಟವಳೇ ಒಲೆಯ ಮುಂದೆ ನಿಂತಳು.

"ಅಮ್ಮಾ, ಕೂತ್ಕೊಳಮ್ಮ. ಡಾಕ್ಟ್ರು ಏನಂದ್ರು ಈಗ ತಾನೆ?"

"ಅವ್ರಿಗೇನ್ ಗೊತ್ತೋ ನನ್ ಮೈ ವಿಷ್ಯ? ಪೇಪರ್ನೋರೇ ಬರ್ದಿದಾರೆ, ಈಯಮ್ಮಂಗೆ ದಣಿವು ಅಂದ್ರೇನು ಅಂತ್ಲೇ ಗೊತ್ತಿಲ್ಲ ಅಂತ. ನೀನೇ ಓದಿ ಹೇಳಿದ್ದಲ್ವೇನೋ?"

ಹೌದು, ನಾನೇ ಓದಿ ಹೇಳಿದ್ದು. ಈ ವಾಕ್ಯವನ್ನು ಅಮ್ಮ ನಲವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ನೀನು ಮನೆಗೆ ಹೋಗು ಎಂದವರಿಗೆ ಇದೇ ಉತ್ತರ. ಮೊಣಕಾಲು ಊದಿದ್ದಾಗ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗಿಗೂ ಇದೇ ಉತ್ತರವಂತೆ. ಕೇಳಿ ಕೇಳಿ ನಮಗೆ ಅದು ಗೋಡೆಯ ಗಡಿಯಾರದ ಸದ್ದಿನ ಹಾಗೆ ಆಗಿಹೋಗಿತ್ತು. ಅವತ್ತು ಒಗ್ಗರಣೆಯ ಹೊಗೆಯಲ್ಲಿ ಅಮ್ಮನ ಕಪ್ಪಿಟ್ಟ ತುಟಿಗಳನ್ನು ನೋಡುತ್ತಿದ್ದಾಗ ಮೊದಲ ಬಾರಿಗೆ ನನಗೆ ಒಂದು ಅನುಮಾನ ಬಂತು. ನಾನು ನಿಜವಾಗಿಯೂ ಅದನ್ನು ಓದಿದ್ದೆನೇ?

ಆಗಿನ ಸಂಗತಿ ಇಷ್ಟು. ನಾವಿದ್ದದ್ದು ರಾಜಾಜಿನಗರದಲ್ಲಿ. ಅಪ್ಪನಿಗೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಬಡಾವಣೆಯ ಒಂದು ಮಹಿಳಾ ಸಮಾಜದವರು, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಶಿಶುವಿಹಾರ ನಡೆಸುತ್ತಿದ್ದರು. ಅಮ್ಮ ಅಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಹೆಂಚಿನ ಮಾಡಿನ ತೊಲೆಗೆ ಹಳೆಯ ಸೀರೆಗಳ ಜೋಲಿಗಳನ್ನು ಕಟ್ಟಿದ್ದರು. ಅಮ್ಮ ನಾಲ್ಕು ಜೋಲಿಗಳ ಹಗ್ಗಗಳನ್ನು ಒಂದೇ ಗಂಟಿಗೆ ಸೇರಿಸಿ, ಆ ಗಂಟಿನ ಬಾಲವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಗೋಡೆಗೊರಗಿ ಕೂತು ತೂಗುತ್ತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಅಕ್ಕಿ, ಕಣ್ಣು ಕಲ್ಲಿನ ಮೇಲೆ. ಒಂದು ದಿನ ಇಂಗ್ಲಿಷ್ ವಾರಪತ್ರಿಕೆಯೊಂದರ ವರದಿಗಾರ ಬಂದು ನೋಡಿಕೊಂಡು ಹೋದ. ಕೆಲವು ವಾರಗಳ ಮೇಲೆ ಪತ್ರಿಕೆಯ ಒಂದು ಪ್ರತಿ ನಮ್ಮ ಮನೆಗೂ ಬಂತು. ನಾನು ಇಂಗ್ಲಿಷ್ ಬಿಎ ಓದುತ್ತಿದ್ದೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಹೊಸ್ತಿಲ ಮೇಲೆ ಕೂತು ನಾನು ಓದಿ ಕನ್ನಡದಲ್ಲಿ ಹೇಳಿದೆ, ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು.

ನನಗೆ ನೆನಪಿರುವುದು ಒಂದು ಪದ: ಇನ್‌ಡಿಫ್ಯಾಟಿಗಬಲ್. ಅದನ್ನು ನಿಘಂಟಿನಲ್ಲಿ ಹುಡುಕಿದ್ದು, ದಣಿವರಿಯದ ಎಂದು ಹೇಳಿದ್ದು, ಹೇಳುವಾಗ ನನ್ನ ಬಾಯಿಗೆ ಬಂದ ಒಂದು ಬಗೆಯ ಗತ್ತು, ಎಲ್ಲ ನೆನಪಿದೆ. ನೆನಪಿಲ್ಲದ್ದು ಒಂದೇ: ಆ ಪದ ಪುಟದ ಮೇಲೆ ಯಾರ ಹೆಸರಿನ ಮುಂದೆ ಇತ್ತು ಎಂಬುದು. ಅಮ್ಮನ ಹೆಸರು ಗಿರಿಜಮ್ಮ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿ ನೋಡಿದ ನೆನಪು ನನಗೆ ಎಷ್ಟು ತಡಕಿದರೂ ಸಿಗಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಹುಡುಗರಿಗೆ ಯಾವುದನ್ನೂ ಆಧಾರ ಕೇಳದೆ ಒಪ್ಪಬೇಡಿ ಎಂದು ಪಾಠ ಹೇಳಿದವನು ನಾನು. ನನ್ನ ಮನೆಯ ಮುಖ್ಯವಾದ ವಾಕ್ಯಕ್ಕೆ ನನ್ನಲ್ಲಿ ಆಧಾರವಿರಲಿಲ್ಲ. ಪತ್ರಿಕೆಯ ಪ್ರತಿ ಟ್ರಂಕಿನ ತಳದಲ್ಲಿ ಹಾಸಾಗಿ ಬಹಳ ಕಾಲ ಇತ್ತು, ನಾವು ಆರ್‌ಪಿಸಿ ಲೇಔಟಿಗೆ ಬರುವಾಗ ಟ್ರಂಕಿನ ಜೊತೆಗೇ ಹೋಯಿತು. ಹೀಗೆಂದು ನನ್ನ ನೆನಪು. ಸುಧಾಳನ್ನು ಕೇಳಿಲ್ಲ.

ಇಂಗ್ಲಿಷ್ ಓದಿದವರಿಗೆ ಹಳೆಯ ವಾರಪತ್ರಿಕೆಗಳ ಆ ಪದ ಗೊತ್ತಿರುತ್ತದೆ. ಈಗ ಅದು ಎಲ್ಲೂ ಕಾಣಿಸುವುದಿಲ್ಲ. ಆಗ ಹೂವಿನ ಪ್ರದರ್ಶನವಿರಲಿ, ಸಂಗೀತ ಸಭೆಯ ವಾರ್ಷಿಕೋತ್ಸವವಿರಲಿ, ಕಣ್ಣಿನ ತಪಾಸಣೆಯ ಶಿಬಿರವಿರಲಿ, ವರದಿಯ ಮೂರನೆಯ ಪ್ಯಾರಾದಲ್ಲಿ ಎಲ್ಲೋ ಅದು ತಲೆಯಾಡಿಸುತ್ತಿತ್ತು. ಬಹಳ ಉದ್ದದ ಪದ. ಓದುವಾಗ ನಡುವೆ ಉಸಿರು ಬೇಕು. ಅದರ ರಚನೆಯೂ ವಿಚಿತ್ರ. ದಣಿಯದವರು ಎಂದು ಹೇಳಲು ಮೊದಲು ದಣಿವನ್ನು ಒಳಗೆ ಕರೆದು, ಆಮೇಲೆ ಬಾಗಿಲು ಮುಚ್ಚಿ, ಇಲ್ಲ ಎನ್ನಬೇಕು. ನಮ್ಮ ದಣಿವರಿಯದ ಎಂಬುದೂ ಹಾಗೆಯೇ. ಉಲ್ಲಾಸಿ ಎಂದರೆ ಉಲ್ಲಾಸ ಮಾತ್ರ ಕಾಣುತ್ತದೆ. ದಣಿವರಿಯದ ಎಂದಾಗ ದಣಿವೇ ಮುಂದೆ ಬಂದು ನಿಲ್ಲುತ್ತದೆ. ನಾನು ಗಮನಿಸಿದಂತೆ ನಿಜವಾಗಿ ಸುಖವಾಗಿರುವವರನ್ನು ಯಾರೂ ದಣಿವರಿಯದವರು ಎಂದು ಹೊಗಳುವುದಿಲ್ಲ.

ಪತ್ರಿಕೆ ನಿಂತುಹೋಗಿ ಕಾಲವಾಗಿತ್ತು. ಎರಡು ಗ್ರಂಥಾಲಯಗಳಲ್ಲಿ ವಿಚಾರಿಸಿದೆ. ಒಂದರಲ್ಲಿ ಹುಳು ತಿಂದಿತ್ತು, ಇನ್ನೊಂದರಲ್ಲಿ ಅದರ ಹೆಸರನ್ನೇ ಕೇಳಿರಲಿಲ್ಲ. ಕೊನೆಗೆ ಹಳೆಯ ಸಹೋದ್ಯೋಗಿಯೊಬ್ಬರು, ಆ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ರುದ್ರಪ್ಪ ಎಂಬವರು ದೀಪಾಂಜಲಿ ನಗರದಲ್ಲಿದ್ದಾರೆ, ಹಳೆಯ ಸಂಚಿಕೆಗಳನ್ನು ಬೈಂಡು ಮಾಡಿಸಿ ಇಟ್ಟುಕೊಂಡಿದ್ದಾರೆ ಎಂದು ಹೇಳಿದರು. ನಮ್ಮ ಮನೆಗೆ ಹತ್ತಿರದ ವಿಜಯನಗರದಿಂದ ಮೆಟ್ರೋದಲ್ಲಿ ಎರಡನೆಯ ಸ್ಟೇಷನ್ನು. ಅಷ್ಟು ಹತ್ತಿರ ಇದ್ದದ್ದಕ್ಕೆ ಸಂತೋಷಪಡುವ ಬದಲು ನನಗೆ ಬೇಸರವಾಯಿತು. ದೂರವಿದ್ದಿದ್ದರೆ ಹೋಗದಿರಲು ಒಂದು ನೆಪವಿರುತ್ತಿತ್ತು. ಮೂರು ವಾರ ಮುಂದೂಡಿದೆ. ಆ ಮೂರು ವಾರದಲ್ಲಿ ಅಮ್ಮ ಇನ್ನೊಂದು ಸಲ ತಲೆಸುತ್ತಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡಳು.

"ರೀ, ಹೋಗ್ಬಿಟ್ ಬನ್ನಿ ಅತ್ಲಾಗೆ," ಎಂದಳು ಸುಧಾ. "ಆ ಪೇಪರಲ್ಲಿ ಇದ್ರೆ ಇದೆ, ಇಲ್ದಿದ್ರೆ ಇಲ್ಲ. ನಾನ್ ಹೇಳಿದ್ ಕೇಳಲ್ಲ, ಡಾಕ್ಟ್ರು ಹೇಳಿದ್ ಕೇಳಲ್ಲ, ನಲವತ್ ವರ್ಷದ್ ಹಿಂದೆ ಯಾರೋ ಬರ್ದಿದ್ ಕೇಳ್ತಾರೆ ಅತ್ತೆ."

ರುದ್ರಪ್ಪನವರದು ಎರಡನೆಯ ಮಹಡಿ. ಎಪ್ಪತ್ತೆಂಟರ ಸುಮಾರಿನ, ಹಣೆಯ ತುಂಬ ವಿಭೂತಿ ಧರಿಸಿದ, ಮೂಗಿನ ತುದಿಯ ಕನ್ನಡಕದ ಮೇಲಿನಿಂದ ಎದುರಿನವರನ್ನು ಕರಡು ಪ್ರತಿಯ ಹಾಗೆ ಪರೀಕ್ಷಿಸುವ ಮನುಷ್ಯ. ನಾನು ಪದ ಹೇಳಿದ ಕೂಡಲೇ ತೊಡೆ ತಟ್ಟಿಕೊಂಡು ನಕ್ಕರು.

"ಅಯ್ಯೋ ಮೇಷ್ಟ್ರೇ, ಅದು ನಮ್ ಪ್ರೆಸ್ಸಿನ ಮನೆಮಗ! ಇಂಗ್ಲಿಷಲ್ಲಿ ಹದಿಮೂರ್ ಅಕ್ಷರ. ಒಂದೊಂದೇ ಅಚ್ಚುಮೊಳೆ ಜೋಡ್ಸಿ ಜೋಡ್ಸಿ ಕಂಪಾಸಿಟರ್ ಬೆರಳು ಬಿದ್ದೋಗೋದು. ಕೊನೆಗೆ ಏನ್ ಮಾಡಿದ್ರು ಗೊತ್ತಾ? ಜೋಡ್ಸಿದ್ದನ್ನ ದಾರ ಕಟ್ಟಿ ಮೂಲೇಲಿ ಹಂಗೇ ನಿಲ್ಸಿಬಿಡೋರು. ಬೇರೆ ಪದದ ಮೊಳೆ ಎಲ್ಲ ಅಚ್ಚಾದ್ಮೇಲೆ ಬಿಚ್ಚಿ ಖಾನೆಗೆ ಹಾಕ್ತಿದ್ವಿ. ಇದೊಂದನ್ನ ಬಿಚ್ತಾನೇ ಇರ್ಲಿಲ್ಲ. ವಾರ ವಾರ ಬೇಕಲ್ಲ."

"ಯಾರಿಗೆ ಬೇಕಾಗ್ತಿತ್ತು ಸಾರ್?"

"ಯಾರಿಗಂದ್ರೆ? ಅದಕ್ಕೊಂದು ಶಿಸ್ತಿತ್ತು ಮೇಷ್ಟ್ರೇ. ದುಡ್ ಕೊಟ್ಟೋರಿಗೆ ಉದಾರಿ. ವೇದಿಕೆ ಮೇಲೆ ಸುಮ್ನೆ ಕೂತಿದ್ದೋರಿಗೆ ಗಣ್ಯರು. ಕೆಲಸ ಮಾಡ್ಸಿದ ಸೆಕ್ರೆಟರಿಗೆ, ಅಧ್ಯಕ್ಷಿಣಿಗೆ, ಇದು. ಹೆಸರಿನ ಮುಂದೆ ಏನೂ ಇಲ್ದೆ ಬಿಟ್ರೆ ಮಾರನೇ ದಿನ ಫೋನು. ಹಿಂದಿನ್ ವಾರ ಅವರಿಗೆ ಹಾಕಿದ್ರಿ, ನಮಗ್ಯಾಕೆ ಹಾಕ್ಲಿಲ್ಲ ಅಂತ. ಇಂಗ್ಲಿಷ್ ಎಂಎ ಮಾಡಿದೋರು ನೀವು, ಇಷ್ಟೂ ಗೊತ್ತಿಲ್ವಾ?"

"ಮತ್ತೆ ಕೆಲಸ ಮಾಡಿದೋರಿಗೆ?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಅವ್ರ ಹೆಸರೇ ಬರ್ತಿರ್ಲಿಲ್ವಲ್ಲ ಮೇಷ್ಟ್ರೇ. ಹೆಸರಿಲ್ದೆ ಇದ್ಮೇಲೆ ಮುಂದೆ ಹಾಕೋದೆಲ್ಲಿ?"

ಆ ಮಾತನ್ನು ಅವರು ಯಾವ ಭಾರವೂ ಇಲ್ಲದೆ, ಪ್ರೆಸ್ಸಿನ ಒಂದು ಪದ್ಧತಿಯನ್ನು ವಿವರಿಸುವ ಹಾಗೆ ಹೇಳಿದರು. ನನಗೆ ಮಾತ್ರ ಉತ್ತರ ಅಲ್ಲಿಯೇ ಸಿಕ್ಕಿಹೋಯಿತು. ಸಂಪುಟ ತೆಗೆಯುವ ಅಗತ್ಯವಿರಲಿಲ್ಲ. ಆದರೂ ಅವರು ಮಂಚದ ಕೆಳಗಿನಿಂದ ಒಂದೊಂದಾಗಿ ಎಳೆದು ಧೂಳು ಒರೆಸಿ ಕೊಟ್ಟರು, ನಾನು ನೆಲದ ಮೇಲೆ ಕೂತು ಪುಟ ತಿರುವಿದೆ. ನಾಲ್ಕನೆಯ ಸಂಪುಟದಲ್ಲಿ ಸಿಕ್ಕಿತು. ನನ್ನ ನೆನಪು ಹೇಳುತ್ತಿದ್ದ ವರ್ಷದಲ್ಲಿ ಅಲ್ಲ, ಅದರ ಹಿಂದಿನ ವರ್ಷದಲ್ಲಿ. ಎರಡು ಪುಟದ ಲೇಖನವೆಂದುಕೊಂಡಿದ್ದೆ, ಒಂದೇ ಕಾಲಮ್ಮು.

ಪದ ಇತ್ತು. ಸಾಲಿನ ಕೊನೆಯಲ್ಲಿ ಜಾಗ ಸಾಲದೆ, ಆ ವಾರ ಮಾತ್ರ ದಾರ ಬಿಚ್ಚಿಸಿಕೊಂಡು, ನಡುವೆ ಅಡ್ಡಗೆರೆ ಹಾಕಿಸಿಕೊಂಡು, ಎರಡು ತುಂಡಾಗಿ ಇತ್ತು. ಸಮಾಜದ ಅಧ್ಯಕ್ಷೆಯ ಹೆಸರಿನ ಮುಂದೆ. ಆಕೆ ಒಳ್ಳೆಯ ಹೆಂಗಸೇ. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು ಮಕ್ಕಳಿಗೆ ಬಿಸ್ಕತ್ತು ಹಂಚುತ್ತಿದ್ದರು. ಅಮ್ಮನ ಹೆಸರು ಇರಲಿಲ್ಲ. ಲೇಖನ ಮುಗಿಸುವ ಮುನ್ನ, ಯಾರೂ ಕೇಳದಿದ್ದರೂ, ವರದಿಗಾರ ಒಂದು ವಾಕ್ಯ ಸೇರಿಸಿದ್ದ. ಅದರ ಅರ್ಥವನ್ನು ಈಗಲಾದರೂ ಸರಿಯಾಗಿ ಕನ್ನಡಕ್ಕೆ ತರುತ್ತೇನೆ: ಆ ಕಡೆ ಗೋಡೆಯ ಬಳಿ, ತಲೆಯೆತ್ತದೆ ಅಕ್ಕಿ ಆರಿಸುತ್ತ, ಕಾಲಿನ ಒಂದು ಹೆಬ್ಬೆರಳಿನಿಂದ ನಾಲ್ಕು ಜೋಲಿ ತೂಗುತ್ತ ಒಬ್ಬ ಹೆಂಗಸು ಕೂತಿದ್ದಳು, ಅಷ್ಟು ದಣಿದ ಮುಖವನ್ನು ನಾನು ಈ ಊರಿನಲ್ಲಿ ನೋಡಿಲ್ಲ.

ರುದ್ರಪ್ಪನವರು ಬಗ್ಗಿ ಓದಿದರು. "ಇದನ್ನ ಹೆಂಗೆ ಬಿಟ್ರೋ ಕಾಣೆ. ಇಂಥಾ ಸಾಲು ಕಂಡ್ರೆ ಎಡಿಟರು ಹೊಡೆದ್ಹಾಕೋರು," ಎಂದರು. ನನ್ನ ಕಡೆ ತಿರುಗಿ, "ನಿಮ್ಮೋರಾ ಮೇಷ್ಟ್ರೇ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅವರು ಒಳಗೆ ಹೋಗಿ ನೀರು ತಂದುಕೊಟ್ಟರು.

ಮನೆಗೆ ಹೋಗಲು ಮೆಟ್ರೋ ಹತ್ತದೆ ಮೈಸೂರು ರಸ್ತೆಯ ಬದಿಯಲ್ಲಿ ಸುಮ್ಮನೆ ನಡೆದೆ. ಹೊಸ್ತಿಲ ಮೇಲೆ ಕೂತಿದ್ದ ಆ ಹುಡುಗ ಏನು ಮಾಡಿದ್ದ ಎಂಬುದು ಸ್ಪಷ್ಟವಾಗಿತ್ತು. ಯಾಕೆ ಮಾಡಿದ್ದ ಎಂಬುದು ಮಾತ್ರ ಇವತ್ತಿಗೂ ಊಹೆ. ನನ್ನ ವಿಷ್ಯ ಏನ್ ಬರ್ದಿದಾರೋ ಎಂದು ಅಮ್ಮ ಕೇಳಿರಬೇಕು. ಅವಳನ್ನು ಸಂತೋಷಪಡಿಸಲು ಅಧ್ಯಕ್ಷೆಯ ವಿಶೇಷಣವನ್ನು ಕಿತ್ತು ಅವಳಿಗೆ ಕೊಟ್ಟೆ ಎಂದು ಬರೆದುಕೊಂಡರೆ ನನಗೆ ಒಳ್ಳೆಯದು. ಆದರೆ ಅನುಮಾನಿಸಲು ಕಲಿತವನು ತನ್ನ ಒಳ್ಳೆಯತನವನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅನುಮಾನಿಸಿದರೆ ಅದೂ ಒಂದು ಮೋಸವೇ. ನನಗೆ ನಾಚಿಕೆಯಾಗಿತ್ತು ಎಂದು ಕಾಣುತ್ತದೆ. ಕಾಲೇಜಿನ ಗ್ರಂಥಾಲಯಕ್ಕೂ ಆ ಪತ್ರಿಕೆ ಬರುತ್ತಿತ್ತು, ಹೆಸರಿಲ್ಲದಿದ್ದರೂ ಆ ಹೆಂಗಸು ಯಾರೆಂದು ನನಗೆ ಗೊತ್ತಿತ್ತು. ಊರಿನಲ್ಲೇ ಹೆಚ್ಚು ದಣಿದ ಮುಖ ಎಂದು ಅಚ್ಚಾಗುವುದು, ಇವರ ಮನೆಯಲ್ಲಿ ಏನೂ ಇಲ್ಲ ಎಂದು ಅಚ್ಚಾದ ಹಾಗೆ. ದಣಿವು ಆಗ ನನಗೆ ಹರಿದ ಅಂಗಿಯಿದ್ದಂತೆ ಕಂಡಿರಬೇಕು. ಮುಚ್ಚಿಟ್ಟೆ. ಮುಚ್ಚಲು ಕೈಗೆ ಸಿಕ್ಕಿದ್ದು ಪಕ್ಕದ ಪ್ಯಾರಾದಲ್ಲಿ ಹೊಳೆಯುತ್ತಿದ್ದ ಆ ಉದ್ದದ ಪದ.

ಆ ಪದ ತೊಟ್ಟುಕೊಂಡ ಮೇಲೆ ಅಮ್ಮ ಬಿಚ್ಚಲಿಲ್ಲ. ದಾರ ಕಟ್ಟಿ ಮೂಲೆಯಲ್ಲಿ ನಿಲ್ಲಿಸಿದ ಅಚ್ಚುಮೊಳೆಗಳ ಕಟ್ಟಿನ ಹಾಗೆ, ಯಾವಾಗ ಬೇಕಾದರೂ ಒದಗುವಂತೆ, ನಲವತ್ತು ವರ್ಷ ನಿಂತೇ ಇದ್ದಳು. ನಮಗೂ ಅದು ಅನುಕೂಲವೇ ಆಗಿತ್ತಲ್ಲ. ದಣಿವೇ ಇಲ್ಲದವಳ ಕೈಯಿಂದ ಬಕೆಟ್ಟು ಇಸಿದುಕೊಳ್ಳುವ ಅಗತ್ಯ ಯಾರಿಗಿದೆ? ಪತ್ರಿಕೆಗಳ ಆ ಹೊಗಳಿಕೆಯನ್ನು ನಾನು ಈಗ ಹೀಗೆ ಓದುತ್ತೇನೆ: ನಿಮ್ಮ ಕೆಲಸ ನಮಗೆ ಬೇಕು, ನಿಮ್ಮ ಆಯಾಸದ ಸುದ್ದಿ ಬೇಡ.

ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಉಳಿಯಿತು. ಹೇಳದಿದ್ದರೆ ಅಮ್ಮ ನಿಂತೇ ಇರುತ್ತಾಳೆ, ಡಾಕ್ಟರು ಹೇಳಿದ ಹಾಗೆ ಒಂದು ದಿನ ಬೀಳುತ್ತಾಳೆ. ಹೇಳಿದರೆ, ಅವಳು ಆಧರಿಸಿಕೊಂಡು ಬದುಕಿದ ಒಂದೇ ವಾಕ್ಯ ಅವಳದಲ್ಲವೆಂದು ಎಂಬತ್ತನಾಲ್ಕರಲ್ಲಿ ಗೊತ್ತಾಗುತ್ತದೆ, ಅದೂ ಮಗನ ಬಾಯಿಂದ. ಸಂಜೆ ಐದಕ್ಕೆ ಮನೆ ಸೇರಿದಾಗಲೂ ನಾನು ತೀರ್ಮಾನ ಮಾಡಿರಲಿಲ್ಲ. ಅಮ್ಮ ಕುರ್ಚಿಯ ಮುಂದೆ ನಿಂತು, ಎಡಗೈಯಲ್ಲಿ ಬಾಲ್ಕನಿಯ ಬಾಗಿಲು ಹಿಡಿದು, ಬಲಗೈ ಒಂದರಲ್ಲೇ ಟವೆಲ್ಲನ್ನು ಮಡಿಸಲು ನೋಡುತ್ತಿದ್ದಳು. ಮಡಿಕೆ ನಿಲ್ಲದೆ ಜಾರುತ್ತಿತ್ತು. ಮತ್ತೆ ಎತ್ತಿಕೊಳ್ಳುತ್ತಿದ್ದಳು.

"ಅಮ್ಮ, ಆ ಪೇಪರ್ ಸಿಕ್ತು."

"ಯಾವ್ದು, ನಂದಾ?"

"ಹೂಂ. ಅದ್ರಲ್ಲಿ ದಣಿವೇ ಗೊತ್ತಿಲ್ಲ ಅಂತ ಬರ್ದಿರೋದು ನಿಂಗಲ್ಲಮ್ಮ. ಅಧ್ಯಕ್ಷರಿಗೆ. ನಾನೇ ಅವತ್ತು ನಿಂಗೆ ತಪ್ಪು ಓದಿ ಹೇಳ್ಬಿಟ್ಟೆ. ತಪ್ಪು ಅಂದ್ರೆ, ಬೇಕಂತ್ಲೇ."

ಅಮ್ಮ ಟವೆಲ್ಲನ್ನು ಎದೆಗೆ ಹಿಡಿದುಕೊಂಡು ನನ್ನನ್ನು ನೋಡಿದಳು. ಅಡುಗೆಮನೆಯಲ್ಲಿ ಸುಧಾಳ ಪಾತ್ರೆಯ ಸದ್ದು ನಿಂತಿತು.

"ಹಂಗಾದ್ರೆ ನನ್ ವಿಷ್ಯ ಏನೂ ಬರ್ದಿಲ್ವಾ?"

"ಬರ್ದಿದಾನೆ. ಹೆಸರು ಹಾಕಿಲ್ಲ. ಜೋಲಿ ತೂಗ್ತಾ ಕೂತಿದ್ದೆ ಅಂತ ಬರ್ದಿದಾನೆ. ಹೆಬ್ಬೆರಳಲ್ಲಿ ಹಗ್ಗ ಸುತ್ಕೊಂಡು." ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಈ ಊರಲ್ಲೇ ಇಷ್ಟು ಸುಸ್ತಾಗಿರೋ ಮುಖ ನೋಡಿಲ್ಲ ಅಂತ ಬರ್ದಿದಾನೆ ಅಮ್ಮ."

ಕೋಪ ಬರಬಹುದು, ಅಳು ಬರಬಹುದು ಎಂದುಕೊಂಡಿದ್ದೆ. ಅಮ್ಮ ಎಲ್ಲೋ ದೂರದಲ್ಲಿ ನಿಂತವನ ಮುಖದ ಗುರುತು ಹಿಡಿಯುವವಳ ಹಾಗೆ ಕಣ್ಣು ಕಿರಿದು ಮಾಡಿದಳು.

"ಅಚ್ಚಲ್ಲಿ ಹಾಕಿದಾನಾ ಅದನ್ನ?"

"ಹಾಕಿದಾನೆ."

"ಅವನು ಹೊರಡೋವಾಗ ನನ್ ಹತ್ರ ಬಂದಿದ್ದ ಕಣೋ. ಚಪ್ಪಲಿ ಕೈಲಿ ಹಿಡ್ಕೊಂಡು, ಮಕ್ಕಳು ಎದ್ಬಿಟ್ಟಾವು ಅಂತ. ಸುಸ್ತಾಗಿದೆಯಾ ಅಮ್ಮ ಅಂತ ಕೇಳ್ದ. ಇಲ್ಲಪ್ಪ ಅಂದೆ." ಅಮ್ಮ ಟವೆಲ್ಲನ್ನು ಕೆಳಗಿಳಿಸಿದಳು. "ನಂಬಿರ್ಲಿಲ್ಲ ನೋಡು ಅವನು."

ಏನನ್ನೂ ಸುಲಭವಾಗಿ ನಂಬದವನೆಂದು ಜೀವಮಾನವಿಡೀ ನನ್ನ ಬಗ್ಗೆ ನಾನು ತಿಳಿದುಕೊಂಡಿದ್ದೆ. ಅಮ್ಮ ಇಲ್ಲಪ್ಪ ಎಂದದ್ದನ್ನು ಮಾತ್ರ ನಲವತ್ತು ವರ್ಷ ಒಂದು ಪ್ರಶ್ನೆಯೂ ಇಲ್ಲದೆ ನಂಬಿದ್ದೆ. ಅರ್ಧ ಗಂಟೆ ನೋಡಿದ ಅಪರಿಚಿತ ನಂಬಿರಲಿಲ್ಲ.

ನಾನು ಕುರ್ಚಿಯ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ಸೋಫಾದ ಮೇಲೆ ಹಾಕಿದೆ. ಅಮ್ಮ ಕುರ್ಚಿಯ ಕೈ ಹಿಡಿದು, ಮೊದಲು ತುದಿಯಲ್ಲಿ, ಬೇರೆಯವರ ಮನೆಯಲ್ಲಿ ಕೂರುವ ಹಾಗೆ ಕೂತಳು. ಆಮೇಲೆ ಹಿಂದಕ್ಕೆ ಸರಿದಳು. ಬೆತ್ತ ಕಿರುಗುಟ್ಟಿತು.

"ಸುಸ್ತಾಯ್ತು ಕಣೋ," ಎಂದಳು.

ನಾನು ನೆಲದ ಮೇಲೆ ಕೂತು ಬಟ್ಟೆ ಮಡಿಸತೊಡಗಿದೆ. ಟವೆಲ್ಲನ್ನು ನಾಲ್ಕಾಗಿ ಮಡಿಸಬೇಕೋ ಮೂರಾಗಿಯೋ ನನಗೆ ನೆನಪಿರಲಿಲ್ಲ. ಹೇಗೋ ಮಡಿಸಿ, ಅಂಚು ಕೂಡದೆ ಒಂದು ಕಡೆ ಉಬ್ಬಿಕೊಂಡಿದ್ದನ್ನು ಅಂಗೈಯಿಂದ ಒತ್ತಿ ಇಟ್ಟೆ. ಅಮ್ಮ ನೋಡಿದಳು. ಅವಳ ಕೈ ತೊಡೆಯ ಮೇಲಿಂದ ಒಮ್ಮೆ ಏಳಲು ಹೋಯಿತು, ಆಮೇಲೆ ಅಲ್ಲಿಯೇ ಮಲಗಿತು.